ಎರಡನೆಯ ಸ್ವಯಂವರ: ಕನ್ನಡ ನಾಡಿನಲ್ಲಿ ನಳ-ದಮಯಂತಿಯರ ಪುನರ್ಮಿಲನದ ಕಥೆ

ಅಗಲಿದ ಪ್ರೇಮಿಗಳು ಆಟದ ಅಂಗಳದಲ್ಲಿ ಮತ್ತೆ ಸಂಧಿಸಿ, ಕೆಟ್ಟ ಬಾಳನ್ನು ಎರಡನೆಯ ಬಾರಿಗೆ ಕಟ್ಟಿಕೊಳ್ಳುವ ಕಾದಂಬರಿಗಳನ್ನು ಇಂದಿನ ತರುಣರು ಆಸಕ್ತಿಯಿಂದ ಓದುತ್ತಿದ್ದಾರೆ. ಇದು ಹೊಸ ಬಗೆಯ ಸಾಹಿತ್ಯವೆಂದು ಅವರು ಭಾವಿಸುವುದು ಸಹಜ. ಆದರೆ ಆಟ, ಸೋಲು, ಅಗಲಿಕೆ, ಪುನರ್ಮಿಲನ ಎಂಬ ನಾಲ್ಕು ಕಂಬಗಳ ಮೇಲೆ ನಿಂತ ಕಥೆ ನಮ್ಮಲ್ಲಿ ಬಹು ಪ್ರಾಚೀನವಾದುದು. ಅದೇ ನಳ-ದಮಯಂತಿಯರ ಕಥೆ. ಕನ್ನಡ ನಾಡಿನಲ್ಲಿ ಅದು ನಡೆದು ಬಂದ ದಾರಿಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಹಾಭಾರತದ ವನಪರ್ವದಲ್ಲಿ ಬೃಹದಶ್ವ ಮುನಿಯು ಈ ಕಥೆಯನ್ನು ಹೇಳುವುದು ಜೂಜಿನಲ್ಲಿ ರಾಜ್ಯವನ್ನೆಲ್ಲ ಕಳೆದುಕೊಂಡು ಕಾಡು ಸೇರಿದ ಧರ್ಮರಾಯನಿಗೆ. ನಿಷಧದ ಅರಸ ನಳನು ಕುದುರೆಗಳನ್ನು ನಡೆಸುವ ವಿದ್ಯೆಯಲ್ಲಿ ಅಸಮಾನ. ದಾಳದ ಮುಂದೆ ಮಾತ್ರ ದುರ್ಬಲ. ಸೋದರನಾದ ಪುಷ್ಕರನೊಡನೆ ಆಡಿ ಸರ್ವಸ್ವವನ್ನೂ ಸೋತು, ಉಟ್ಟ ಬಟ್ಟೆಯಲ್ಲಿ ಕಾಡಿಗೆ ನಡೆದನು. ಜೊತೆಯಲ್ಲಿ ಬಂದ ಮಡದಿಯನ್ನು, ಅವಳು ನಿದ್ರಿಸುತ್ತಿರುವಾಗ, ಅವಳ ಸೀರೆಯ ಅರ್ಧವನ್ನು ಕತ್ತರಿಸಿ ಸುತ್ತಿಕೊಂಡು ತೊರೆದುಹೋದನು.

ಆಟವೆಂಬುದು ಅಂದಿನ ರಾಜಜೀವನದಲ್ಲಿ ಎಷ್ಟು ಬೇರೂರಿತ್ತೆಂಬುದಕ್ಕೆ ನಮ್ಮ ಗೋವೆಯ ಇತಿಹಾಸಕ್ಕೆ ಹತ್ತಿರದ ಸಾಕ್ಷಿಯೊಂದಿದೆ. ಗೋವೆಯ ಕದಂಬ ಅರಸ ಎರಡನೆಯ ಜಯಕೇಶಿಯ ರಾಣಿ ಮೈಲಲದೇವಿಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗಳು. ಅದೇ ಚಕ್ರವರ್ತಿಯ ಮಗ ಮೂರನೆಯ ಸೋಮೇಶ್ವರನು ೧೧೨೯ರ ಸುಮಾರಿಗೆ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಮಲ್ಲಯುದ್ಧ, ಕೋಳಿ ಅಂಕ, ಕುದುರೆಯೇರಿ ಚೆಂಡಾಡುವ ವಿನೋದ, ದಾಳದಾಟ ಇವೆಲ್ಲವುಗಳ ವಿವರಣೆಯಿದೆ. ಹೀಗೆ ಗೋವೆಯ ರಾಣಿಯ ತವರುಮನೆಯಲ್ಲಿಯೇ ನಳನ ಎರಡು ಲೋಕಗಳೂ, ಎಂದರೆ ಕುದುರೆಯೂ ದಾಳವೂ, ಶಾಸ್ತ್ರದ ಗೌರವ ಪಡೆದಿದ್ದವು.

ಇನ್ನು ಕಾವ್ಯಪರಂಪರೆ. ಮಾನ್ಯಖೇಟದ ರಾಷ್ಟ್ರಕೂಟ ಮೂರನೆಯ ಇಂದ್ರನ ಕಾಲದಲ್ಲಿ, ಹತ್ತನೆಯ ಶತಮಾನದ ಆದಿಯಲ್ಲಿ, ತ್ರಿವಿಕ್ರಮಭಟ್ಟನು ಸಂಸ್ಕೃತದಲ್ಲಿ 'ನಳಚಂಪು'ವನ್ನು ಬರೆದನು. ಆದರೆ ಅದು ಮದುವೆಗೆ ಮೊದಲೇ ನಿಂತುಹೋಗಿದೆ. ಶ್ರೀಹರ್ಷನ 'ನೈಷಧೀಯಚರಿತ'ವು ೨೨ ಸರ್ಗಗಳಷ್ಟು ಬೆಳೆದರೂ ನವದಂಪತಿಗಳ ಸುಖದಲ್ಲಿಯೇ ಮುಗಿಯುತ್ತದೆ. ಕನ್ನಡದಲ್ಲಿ ಚೌಂಡರಸನು 'ನಳಚಂಪು'ವನ್ನು ರಚಿಸಿದನು. ಬಳಿಕ ೧೬ನೆಯ ಶತಮಾನದಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಬಾಡದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ 'ನಳಚರಿತ್ರೆ'ಯನ್ನು ಹಾಡಿದರು. ಸಂಸ್ಕೃತದ ಆ ಇಬ್ಬರು ಮಹಾಕವಿಗಳ ಲೇಖನಿ ನಿಂತ ಸ್ಥಳವನ್ನು ದಾಟಿ ಕನಕದಾಸರು ಸೋಲನ್ನೂ ಅಗಲಿಕೆಯನ್ನೂ ಪುನರ್ಮಿಲನವನ್ನೂ ಜನರ ನಾಲಗೆಗೆ ತಂದರು. ಕರಾವಳಿಯ ಯಕ್ಷಗಾನದಲ್ಲಿಯೂ ಜನರು ಕಾದು ಕುಳಿತು ನೋಡುವುದು ಸ್ವಯಂವರದ ನಳನಿಗಿಂತ ಹೆಚ್ಚಾಗಿ ವಿರೂಪಿಯಾದ ಬಾಹುಕನನ್ನು. ಸುಖದ ವರ್ಣನೆ ಆಸ್ಥಾನಕ್ಕೆ ಸಾಕಾದೀತು. ಕಳೆದುಕೊಂಡದ್ದು ಮರಳಿ ಬಂದೀತೆಂಬ ಭರವಸೆ ಸಾಮಾನ್ಯ ಜನರಿಗೆ ಬೇಕು.

ಆ ಭರವಸೆಯನ್ನು ನಿಜಮಾಡಿದವಳು ದಮಯಂತಿ. ಕಾರ್ಕೋಟಕನ ವಿಷದಿಂದ ರೂಪಗೆಟ್ಟ ನಳನು ಅಯೋಧ್ಯೆಯ ಋತುಪರ್ಣನಲ್ಲಿ ಬಾಹುಕನೆಂಬ ಹೆಸರಿನಿಂದ ಸಾರಥಿಯಾಗಿದ್ದನು. ತವರು ಸೇರಿದ್ದ ದಮಯಂತಿ ದೂತರ ಮೂಲಕ ಸುಳಿವು ಹಿಡಿದು, ಮರುದಿನವೇ ತನ್ನ ಎರಡನೆಯ ಸ್ವಯಂವರವೆಂದು ಋತುಪರ್ಣನೊಬ್ಬನಿಗೇ ಸುದ್ದಿ ಮುಟ್ಟಿಸಿದಳು. ಒಂದೇ ದಿನದಲ್ಲಿ ನೂರು ಯೋಜನ ರಥ ನಡೆಸಬಲ್ಲವನು ಲೋಕದಲ್ಲಿ ಒಬ್ಬನೇ ಎಂಬುದನ್ನು ಅವಳು ಬಲ್ಲಳು. ಆ ಓಟದ ನಡುವೆ, ತಾರೆಯ ಮರದ ಬಳಿ, ಋತುಪರ್ಣನು ಅಕ್ಷಹೃದಯವೆಂಬ ದಾಳದ ವಿದ್ಯೆಯನ್ನು ಕೊಟ್ಟನು. ಪ್ರತಿಯಾಗಿ ಅಶ್ವಹೃದಯವನ್ನು ಪಡೆಯುವ ಮಾತಾಯಿತು. ಅದೇ ಕ್ಷಣದಲ್ಲಿ ನಳನ ಮೈಯಿಂದ ಕಲಿ ಹೊರಬಿದ್ದನು. ಕುಂಡಿನಪುರದಲ್ಲಿ ಕೇಶಿನಿಯೆಂಬ ದಾಸಿಯ ಮೂಲಕ ಮಾತು, ಅಡುಗೆಯ ರುಚಿ, ಮಕ್ಕಳನ್ನು ಕಂಡಾಗ ಉಕ್ಕಿದ ಕಣ್ಣೀರು ಎಲ್ಲವನ್ನೂ ಪರೀಕ್ಷಿಸಿದ ಮೇಲೆಯೇ ದಮಯಂತಿ ಅವನನ್ನು ಎದುರಿಗೆ ಕರೆಸಿಕೊಂಡಳು. ಅಗಲಿದ ನಾಲ್ಕನೆಯ ವರ್ಷದಲ್ಲಿ ಅವರು ಒಂದಾದರು.

ತರಗತಿಯಲ್ಲಿ ಈ ಪಾಠ ಹೇಳುವಾಗ ವಿದ್ಯಾರ್ಥಿನಿಯರು ಒಂದು ಪ್ರಶ್ನೆಯನ್ನು ಕೇಳುತ್ತಿದ್ದುದುಂಟು: "ಬಿಟ್ಟುಹೋದವನನ್ನು ಅವಳೇಕೆ ಹುಡುಕಬೇಕಿತ್ತು, ಸಾರ್?" ಪ್ರಶ್ನೆ ನ್ಯಾಯವಾದುದು. ಮೂಲಕಥೆಯಲ್ಲಿ ತಪ್ಪಿನ ಹೊರೆಯನ್ನು ಕಲಿಯ ಮೇಲೆ ಹೊರಿಸಲಾಗಿದೆ. ಮೊದಲು ಪ್ರಶ್ನಿಸಲ್ಪಟ್ಟವಳೂ, ವಾಯುದೇವನ ಸಾಕ್ಷಿಯಿಂದ ಶುದ್ಧಳೆನಿಸಬೇಕಾದವಳೂ ದಮಯಂತಿಯೇ. ಇನ್ನೂ ಒಂದು ಮಾತು. ಮೊದಲ ಆಟದಲ್ಲಿ ಪುಷ್ಕರನು ದಮಯಂತಿಯನ್ನು ಪಣಕ್ಕಿಡೆಂದಾಗ ನಳನು ಮೌನವಾಗಿ ಎದ್ದುಹೋಗಿದ್ದನು. ರಾಜ್ಯವನ್ನು ಮರಳಿ ಗೆದ್ದ ಎರಡನೆಯ ಆಟದಲ್ಲಿ ಅವನೇ ಅವಳನ್ನು ಪಣವಾಗಿ ಹೆಸರಿಸಿದನು. ಗೆಲುವು ಖಚಿತವೆಂದು ಅವನಿಗೆ ತಿಳಿದಿತ್ತೆಂಬ ಸಮಾಧಾನವನ್ನು ಹೇಳಬಹುದು. ಆದರೂ ಹೆಣ್ಣನ್ನು ಪಣವಾಗಿಸಿದ ಗೆಲುವನ್ನು, ದ್ರೌಪದಿಯ ಗಂಡನ ಮುಂದೆ ಹೇಳಿದ ಕಥೆಯಲ್ಲಿ, ನಾವು ಮೆಚ್ಚಿ ಸುಮ್ಮನಿರಲಾಗದು. ನಳನ ನಿಜವಾದ ಹಿರಿಮೆ ಗೆದ್ದ ಮೇಲೆ ಪುಷ್ಕರನನ್ನು ಕ್ಷಮಿಸಿ, ಅವನ ಪಾಲನ್ನು ಮರಳಿಸಿ ಕಳುಹಿಸಿದುದರಲ್ಲಿದೆ.

ಮಾಂಡವಿಯ ನೀರಿನ ಮೇಲೆ ಇಂದು ಜೂಜಿನ ಹಡಗುಗಳು ರಾತ್ರಿಯಿಡೀ ಬೆಳಗುತ್ತವೆ. ದುಡಿಮೆಗಾಗಿ ಗೋವೆಗೆ ಬಂದ ಕನ್ನಡಿಗರಲ್ಲಿ ಮಡದಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೂ ಇದ್ದಾರೆ. ಇಂಥ ನೆಲದಲ್ಲಿ ನಳಚರಿತ್ರೆಯು ಹಳೆಯ ಪುಸ್ತಕವಾಗಿ ಉಳಿಯುವುದಿಲ್ಲ. ದಾಳದಿಂದ ಕೆಟ್ಟ ಮನೆ ದಾಳದಿಂದಲೇ ನೇರ್ಪಟ್ಟಿತೆಂಬುದು ಕಥೆಯ ಹೊರಮೈ. ಒಬ್ಬ ಹೆಣ್ಣಿನ ಬುದ್ಧಿಯೂ ಪರೀಕ್ಷೆಯೂ ತಾಳ್ಮೆಯೂ ಆ ಮನೆಯನ್ನು ಉಳಿಸಿದವೆಂಬುದು ಅದರ ಒಳತಿರುಳು. ಎರಡನೆಯ ಅವಕಾಶವನ್ನು ಪಡೆದವನು ನಳ. ಅದನ್ನು ಕೊಟ್ಟವಳು ದಮಯಂತಿ. ಕಥೆಗೆ ಇಬ್ಬರ ಹೆಸರೂ ಇರುವುದು ಇದರಿಂದಲೇ ಸಾರ್ಥಕವಾಗಿದೆ.