ಎರಡು ತಂತಿಯ ಆಯುಷ್ಯ

ಮನೆ ಮಾಮೂಲ್‌ಪೇಟೆಯಲ್ಲಿ, ಕಸುಬು ಕಾರ್ಖಾನೆಗಳ ಕಂಟ್ರೋಲ್ ಪ್ಯಾನೆಲ್ ರಿಪೇರಿ. ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆಯ ಗಲ್ಲಿ ಹಿಡಿದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಎಸ್‌.ಪಿ. ರಸ್ತೆ. ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳು ನಮ್ಮ ಬೆಂಗಳೂರಿಗೆ ಯಂತ್ರದ ವಿದ್ಯೆ ಕಲಿಸಿದವು. ಆಮೇಲೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಪೀಣ್ಯದಲ್ಲಿ ಯಂತ್ರ ಕೆಟ್ಟು ನಿಂತರೆ ಐಸಿ, ಕನೆಕ್ಟರ್, ಶೀಲ್ಡ್ ಕೇಬಲ್‌ಗೆ ನಾನು ಇವತ್ತಿಗೂ ಬರುವುದು ಪೇಟೆಗೇ.

ಮೊದಲು ಯಂತ್ರಗಳ ನಡುವೆ ಸಂದೇಶ ಸಾಗಿಸಲು ಎಲ್ಲೆಲ್ಲೂ ಆರ್‌ಎಸ್-232 ಪೋರ್ಟ್. ಒಂದಕ್ಕೆ ಒಂದೇ ಉಪಕರಣ, ಅದೂ ಹದಿನೈದು ಮೀಟರ್ ಆಚೆ ನಂಬುವಂತಿಲ್ಲ. ಪಕ್ಕದಲ್ಲಿ ದೊಡ್ಡ ಮೋಟರ್ ಶುರುವಾದರೆ ಸಂದೇಶ ಕಲಸಿಹೋಗುತ್ತಿತ್ತು. 1983ರಲ್ಲಿ ಬಂದ ಆರ್‌ಎಸ್-485 ಆ ಕಾಟ ತಪ್ಪಿಸಿತು. ಒಂದೇ ಸಂದೇಶ ಎರಡು ತಂತಿಗಳಲ್ಲಿ ತದ್ವಿರುದ್ಧವಾಗಿ ಹೊರಡುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಸಮನಾಗಿ ತಟ್ಟುತ್ತದೆ. ಆ ತುದಿಯ ಚಿಪ್ ಓದುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. 1,200 ಮೀಟರ್ ದೂರ, ಒಂದೇ ಜೋಡಿ ತಂತಿಯಲ್ಲಿ 32 ಉಪಕರಣ! 1979ರ ಮಾಡ್‌ಬಸ್ ಭಾಷೆಯೂ ಅದರ ಮೇಲೆ ಕೂತಿತು. ಡ್ರೈವ್, ಎನರ್ಜಿ ಮೀಟರ್, ಟೆಂಪರೇಚರ್ ಕಂಟ್ರೋಲರ್ ಎಲ್ಲವೂ ಅದನ್ನೇ ಆಡುತ್ತವೆ.

ಪ್ಯಾನೆಲ್ಲಿನ ಮಿದುಳು ಮಾತ್ರ ಕುಗ್ಗುತ್ತಲೇ ಬಂತು. 2014ರ ರಾಸ್ಪ್‌ಬೆರಿ ಪೈ ಕಂಪ್ಯೂಟ್ ಮಾಡ್ಯೂಲ್ ಎಂಬ ಪುಟ್ಟ ಕಂಪ್ಯೂಟರ್ ಲ್ಯಾಪ್‌ಟಾಪಿನ ರ‍್ಯಾಮ್ ಪಟ್ಟಿಯ ಆಕಾರದಲ್ಲಿತ್ತು. 2020ರ ನಾಲ್ಕನೆಯದು 55 ಮಿಮೀ ಉದ್ದ, 40 ಮಿಮೀ ಅಗಲ. ಅಷ್ಟರಲ್ಲೇ ಗಿಗಾಬಿಟ್ ಈಥರ್‌ನೆಟ್, ಪಿಸಿಐ ಎಕ್ಸ್‌ಪ್ರೆಸ್, ಬೇಕೆಂದರೆ ವೈಫೈ. ಅದನ್ನು ಕಂಡಾಗ ನಿಜಕ್ಕೂ ಸಂತೋಷಪಟ್ಟೆ. ಆದರೆ ಉಕ್ಕಿನ ಪ್ಯಾನೆಲ್ ಬಾಗಿಲು ಮುಚ್ಚಿದರೆ ವೈಫೈ ಅಲ್ಲಿಗೇ ಸೊರಗುತ್ತದೆ. ಆಂಟೆನಾ ಹೊರಗೆ ತರಬೇಕು. ಆರ್‌ಎಸ್-485 ಮಾಡ್ಯೂಲ್ ಮೇಲೆ ಇರುವುದಿಲ್ಲ. ಅದಕ್ಕೆ ಬೇಕಾದ ಟ್ರಾನ್ಸೀವರ್ ಚಿಪ್ಪನ್ನು ಕೆಳಗಿನ ಕ್ಯಾರಿಯರ್ ಬೋರ್ಡಿಗೆ ಹಾಕಬೇಕು. ಖರ್ಚು ಉಳಿಸಲು ಕೆಲವರು ಅದನ್ನೇ ಬಿಡುತ್ತಾರೆ. ಆಮೇಲೆ ಆರ್‌ಎಸ್-485 ಮಾತ್ರ ಬಲ್ಲ, ಚೆನ್ನಾಗಿ ಓಡುತ್ತಿರುವ ಡ್ರೈವನ್ನು ಹಳೆಯದೆಂದು ಕಿತ್ತೆಸೆಯಲು ಮಾಲೀಕರಿಗೆ ಹೇಳುತ್ತಾರೆ. ಇದು ಅನ್ಯಾಯ.

ಹೊಸ ಪ್ಯಾನೆಲ್ ಮಾಡಿಸುವವರು ಪ್ರೊಸೆಸರಿನ ವೇಗ ಕೇಳುವ ಮೊದಲು ಆರ್‌ಎಸ್-485 ಟರ್ಮಿನಲ್ ಇದೆಯೇ ಕೇಳಿ. ಐಸೋಲೇಷನ್ (ವಿದ್ಯುತ್ ಬೇರ್ಪಡಿಕೆ) ಇರುವುದನ್ನೇ ಕೊಡಿ ಎಂದು ಆರ್ಡರಿನಲ್ಲಿ ಬರೆಸಿ.