ನೋವಿನ ಇತಿಹಾಸ, ಭಾಗ 3: ಬ್ರಾಂಪ್ಟನ್ ಬಾಟಲಿ ಕಲಿಸಿದ ಪಾಠ

ಒಂದೇ ಬಾಟಲಿಯಲ್ಲಿ ಮಾರ್ಫಿನ್, ಕೊಕೇನ್, ಮದ್ಯ, ಸಿಹಿ ಪಾಕ. ಸಿನಿಮಾ ವಿಲನ್ ಕುಡಿಯೋದಲ್ಲ ಗೆಳೆಯರೇ, ಇಂಗ್ಲೆಂಡಿನಲ್ಲಿ ಕ್ಯಾನ್ಸರ್ ರೋಗಿಗಳಿಗೆ ಕೊಡ್ತಿದ್ದ ಔಷಧಿ! ಹೆಸರು ಬ್ರಾಂಪ್ಟನ್ ಕಾಕ್‌ಟೇಲ್.

ಅಫೀಮಿನ ಬಳಗದ ನೋವು ನಿವಾರಕಗಳಿಗೆ ಒಪಿಯಾಯ್ಡ್ ಅಂತ ಹೆಸರು. 19ನೇ ಶತಮಾನದ ಶುರುವಿನಲ್ಲಿ ಮಾರ್ಫಿನ್ ಸಿಕ್ತು, 1832ರಲ್ಲಿ ಕೊಡೀನ್. 1898ರಲ್ಲಿ ಬೇಯರ್ ಕಂಪನಿ ಹೆರಾಯಿನ್ ಅನ್ನೇ ಔಷಧಿ ಅಂತ ಮಾರಿತು. ಔಷಧಿಗಳು ಹೆಚ್ಚಾದ ಹಾಗೆ ವೈದ್ಯರಿಗೂ ಒಂದು ಆಸೆ ಹುಟ್ಟಿತು: ಹಲವನ್ನು ಬೆರೆಸಿದ್ರೆ ನೋವು ಇನ್ನೂ ಚೆನ್ನಾಗಿ ಹೋಗಬಹುದಲ್ವಾ?

1896ರಲ್ಲೇ ಲಂಡನ್ನಿನ ಸರ್ಜನ್ ಹರ್ಬರ್ಟ್ ಸ್ನೋ ಕ್ಯಾನ್ಸರ್ ನೋವಿಗೆ ಅಫೀಮು ಮತ್ತು ಕೊಕೇನ್ ಜೋಡಿಯ ಬಗ್ಗೆ ಬರೆದಿದ್ದ. ಮುಂದೆ ಈ ಥರದ ಮಿಶ್ರಣಕ್ಕೆ ಬ್ರಾಂಪ್ಟನ್ ಆಸ್ಪತ್ರೆಯ ಹೆಸರು ಅಂಟಿಕೊಂಡಿತು. ಕೆಲವು ಕಡೆ ಮಾರ್ಫಿನ್ ಬದಲು ಹೆರಾಯಿನ್, ಕೆಲವು ಕಡೆ ಎರಡೂ!

ಇದನ್ನ ಪ್ರಶ್ನೆ ಮಾಡಿದ್ದು ಯಾರು? ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಶುರು ಮಾಡಿದ್ರು. ನೋವು ಬಂದು ರೋಗಿ ಕೂಗಿಕೊಳ್ಳೋವರೆಗೂ ಕಾಯಬೇಡಿ, ಗಡಿಯಾರ ನೋಡಿ ಹೊತ್ತಿಗೆ ಸರಿಯಾಗಿ ಕೊಡಿ ಅನ್ನೋದು ಅವರ ಪಾಠ. ಅಲ್ಲೇ ಡಾ. ರಾಬರ್ಟ್ ಟ್ವೈಕ್ರಾಸ್ ಬಾಯಿಂದ ಕೊಡುವ ಹೆರಾಯಿನ್ ಮತ್ತು ಮಾರ್ಫಿನ್ ಹೋಲಿಸಿ ನೋಡಿದ್ರು. ಪ್ರಮಾಣ ಸರಿಹೊಂದಿಸಿದ್ರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 1979ರಲ್ಲಿ ಕೆನಡಾದ ಮೆಲ್ಜಾಕ್ ತಂಡವೂ ಬ್ರಾಂಪ್ಟನ್ ಮಿಶ್ರಣವನ್ನ ಬರೀ ಮಾರ್ಫಿನ್ ದ್ರಾವಣದ ಪಕ್ಕ ಇಟ್ಟು ನೋಡಿತು. ನೋವು ಕಡಿಮೆ ಮಾಡೋದ್ರಲ್ಲಿ ಎರಡೂ ಒಂದೇ! ಅಷ್ಟೆಲ್ಲಾ ಬೆರೆಸಿದ್ದಕ್ಕೆ ಹೆಚ್ಚುವರಿ ಲಾಭ ಇರಲಿಲ್ಲ.

ಯಾಕೆ ಹೀಗೆ? 1973ರಲ್ಲಿ ಮಿದುಳಿನಲ್ಲಿ ಒಪಿಯಾಯ್ಡ್ ಗ್ರಾಹಕಗಳು ಪತ್ತೆಯಾದವು. ಗ್ರಾಹಕ ಅಂದ್ರೆ ಬೀಗ, ಔಷಧಿ ಅಂದ್ರೆ ಕೀಲಿಕೈ ಅಂದ್ಕೊಳ್ಳಿ. ಮಾರ್ಫಿನ್, ಹೆರಾಯಿನ್, ಕೊಡೀನ್ ಎಲ್ಲಾ ಮುಖ್ಯವಾಗಿ ತೆರೆಯೋದು ಒಂದೇ ಬೀಗ. ಉಸಿರಾಟದ ವೇಗ ತಗ್ಗಿಸೋದೂ ಅದೇ ಬೀಗ. ಅಂದ್ರೆ ಸ್ಟ್ರಿಪ್ ಬೇರೆ, ಹೆಸರು ಬೇರೆ ಇದ್ರೂ ದೇಹ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ಹಾಕಿಕೊಳ್ಳುತ್ತೆ. ಲೆಕ್ಕ ತಪ್ಪಿದ್ರೆ ಉಸಿರೇ ನಿಲ್ಲಬಹುದು.

1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಮೆಟ್ಟಿಲಿನ ಏಣಿ ಕೊಟ್ಟಿತು. ಮೊದಲು ಪ್ಯಾರಾಸಿಟಮಾಲ್ ಥರದ್ದು, ಆಮೇಲೆ ಕೊಡೀನ್ ಥರದ್ದು, ಕೊನೆಗೆ ಮಾರ್ಫಿನ್. ಮಾರ್ಫಿನ್‌ಗೆ ಹತ್ತಿದಾಗ ಕೊಡೀನ್ ಬಿಡಬೇಕು, ಎರಡೂ ಒಟ್ಟಿಗಲ್ಲ.

ಹಾಗಾದ್ರೆ ಎರಡು ಒಪಿಯಾಯ್ಡ್ ಒಟ್ಟಿಗೆ ಕೊಡೋದೇ ಇಲ್ವಾ? ಕೊಡ್ತಾರೆ, ಆದ್ರೆ ಪ್ರತಿಯೊಂದಕ್ಕೂ ಒಂದು ಕೆಲಸ ಹಂಚಿ. ದಿನವಿಡೀ ನಿಧಾನವಾಗಿ ಕೆಲಸ ಮಾಡೋದು ಒಂದು, ನಡುವೆ ಥಟ್ಟನೆ ನುಗ್ಗುವ ನೋವಿಗೆ ಬೇಗ ಕೆಲಸ ಮಾಡೋದು ಇನ್ನೊಂದು. ಆದಷ್ಟೂ ಎರಡೂ ಒಂದೇ ಔಷಧಿಯ ಎರಡು ರೂಪಗಳಾಗಿರುತ್ತವೆ, ಲೆಕ್ಕ ಸುಲಭ ಆಗಲಿ ಅಂತ. ಕೆಲವು ಜೋಡಿಗಳಂತೂ ಆಗಿಬರೋದೇ ಇಲ್ಲ. ದಿನಾ ಮಾರ್ಫಿನ್ ತಗೊಳ್ಳೋರಿಗೆ ಪೆಂಟಾಜೊಸಿನ್ ಕೊಟ್ರೆ ಅದು ಮಾರ್ಫಿನ್‌ನ ಕೆಲಸಕ್ಕೇ ಅಡ್ಡ ಬಂದು, ನೋವು ಮರಳಿ, ಬೆವರು, ನಡುಕ, ವಾಂತಿ ಶುರುವಾಗಬಹುದು.

ಭಾರತದ ಕಥೆ ಉಲ್ಟಾ. ಜಗತ್ತಿನ ಔಷಧಿ ಕಂಪನಿಗಳಿಗೆ ಕಾನೂನುಬದ್ಧವಾಗಿ ಅಫೀಮು ಬೆಳೆದುಕೊಟ್ಟ ದೇಶ ನಮ್ದು. ಆದ್ರೆ 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸ್ ರಗಳೆ, ಜೈಲಿನ ಭಯ. 1997ರ ಹೊತ್ತಿಗೆ ದೇಶದ ಮಾರ್ಫಿನ್ ಬಳಕೆ ಸುಮಾರು 97% ಕುಸಿದಿತ್ತು. ಕ್ಯಾನ್ಸರ್ ರೋಗಿಗಳು ಔಷಧಿಯಿಲ್ಲದೆ ನರಳಿದ್ರು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಥರದವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2014ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು.

ಅತಿಯಾಗಿ ಬೆರೆಸೋದೂ ಅಪಾಯ, ಹೆದರಿ ಕೊಡದೇ ಇರೋದೂ ಕ್ರೌರ್ಯ. ಮನೇಲಿ ಅಜ್ಜಿಗೋ ತಾತನಿಗೋ ಮಾರ್ಫಿನ್ ಬರೆದಿದ್ರೆ "ಅಯ್ಯೋ, ಚಟ ಹತ್ತುತ್ತೆ" ಅಂತ ನಿಲ್ಲಿಸಬೇಡಿ. ಡ್ರಾಯರ್‌ನಲ್ಲಿ ಉಳಿದ ಟ್ರಮಡಾಲ್ ಅಥವಾ ನಿದ್ದೆ ಮಾತ್ರೆ ಸೇರಿಸಲೂಬೇಡಿ. ಇರೋ ಎಲ್ಲಾ ಮಾತ್ರೆಗಳ ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಎಬ್ಬಿಸಿದ್ರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಅನಿಸಿದ್ರೆ ತಕ್ಷಣ 108ಕ್ಕೆ ಫೋನ್ ಮಾಡಿ.

ಮುಂದಿನ ಭಾಗ: ನಿಂತ ಉಸಿರನ್ನ ಮರಳಿಸುವ ನಲಾಕ್ಸೋನ್. ಸೇವ್ ಮಾಡ್ಕೊಳ್ಳಿ, ಮನೆಯವರಿಗೂ ಓದಿ ಹೇಳಿ.

#ನೋವಿನಇತಿಹಾಸ #ಕನ್ನಡದಲ್ಲಿವಿಜ್ಞಾನ