ವಾದಿ ಪರ ವಕೀಲರು ಗೈರು

2024ರ ಮೇ 14ರಂದು ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಒಳಪಡುವುದಿಲ್ಲ ಎಂಬುದು ಅದರ ಸಾರ. ಆ ವಾರ ಮಧುಗಿರಿ ಕೋರ್ಟಿನ ಆವರಣದಲ್ಲಿ ನಮ್ಮ ಕಿರಿಯರು ಕೆಲವರು ಕೇಸು ಗೆದ್ದವರಂತೆ ಕಾಫಿ ಕುಡಿಯುತ್ತಿದ್ದರು. ಶಿರಾ ಕಡೆಯಿಂದ ಬಂದಿದ್ದ ಕಕ್ಷಿದಾರರೊಬ್ಬರು ‘ಇನ್ಮೇಲೆ ನಿಮ್ಮನ್ನ ಕೇಳೋರೇ ಇಲ್ಲ ಬಿಡಿ ಸಾರ್’ ಎಂದು ನಕ್ಕರು. ಇವರಲ್ಲಿ ಯಾರೂ ತೀರ್ಪು ಓದಿರಲಿಲ್ಲ. ಕೋರ್ಟು ಮುಚ್ಚಿದ್ದು ಗ್ರಾಹಕ ಆಯೋಗದ ಬಾಗಿಲನ್ನು ಮಾತ್ರ. ವಕೀಲರ ಪರಿಷತ್ತಿನ ಶಿಸ್ತು ಸಮಿತಿಯ ಬಾಗಿಲು ತೆರೆದೇ ಇದೆ, ಸಿವಿಲ್ ಕೋರ್ಟಿನ ಬಾಗಿಲೂ ಇದೆ. ಉದಾಸೀನ ಮಾಡಿದ ವಕೀಲನ ಮೇಲೆ ದಾವೆ ಹೂಡಬಹುದೆಂಬ ಮಾತು 1926ರ ವಕೀಲರ ಶುಲ್ಕ ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 1988ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಕೋರ್ಟುಗಳಲ್ಲಿ ನಲವತ್ತು ವರ್ಷ ಕರಿಕೋಟು ಸವೆಸಿದ್ದೇನೆ. ಬಾಗಿಲು ತೆರೆದಿದ್ದರೂ ಅದರೊಳಗೆ ಹೋಗುವವರು ಯಾಕಿಲ್ಲ ಎಂಬುದೇ ನನ್ನ ಪ್ರಶ್ನೆ.

ಹಳೆಯ ಕಾಲದ ಕತೆಗೆ ಹೆಚ್ಚು ಹೊತ್ತು ಬೇಡ. ಬ್ರಿಟಿಷ್ ಇಂಡಿಯಾದಲ್ಲಿ 1879ರ ಕಾಯ್ದೆ ಪ್ಲೀಡರುಗಳನ್ನೂ ಮುಖ್ತಾರರನ್ನೂ ಹೈಕೋರ್ಟಿನ ಹಿಡಿತಕ್ಕೆ ತಂದಿತು. ಮೈಸೂರು ಸಂಸ್ಥಾನದಲ್ಲಿ 1884ರ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟಾಯಿತು, ಸನದು ಕೊಡುವವರೂ ಕಿತ್ತುಕೊಳ್ಳುವವರೂ ನ್ಯಾಯಾಧೀಶರೇ. 1926ರ ಬಾರ್ ಕೌನ್ಸಿಲ್ ಕಾಯ್ದೆ ವಿಚಾರಣೆಯನ್ನು ವಕೀಲರಿಗೆ ಒಪ್ಪಿಸಿ ತೀರ್ಮಾನವನ್ನು ಹೈಕೋರ್ಟಿಗೇ ಉಳಿಸಿತು. ಆ ಕಾಲದವರಿಗೆ ಕಾಡುತ್ತಿದ್ದುದು ದಲ್ಲಾಳಿಗಳ ಹಾವಳಿ ಮತ್ತು ಹಣದ ಮೋಸ. ಕಡತ ಕಟ್ಟಿಟ್ಟು ಮರೆತವನನ್ನು ಯಾರೂ ಅಪರಾಧಿ ಎಂದು ಕಾಣುತ್ತಿರಲಿಲ್ಲ.

ನ್ಯಾಯಮೂರ್ತಿ ಎಸ್.ಆರ್. ದಾಸ್ ನೇತೃತ್ವದ ಅಖಿಲ ಭಾರತ ಬಾರ್ ಸಮಿತಿ 1953ರಲ್ಲಿ ವರದಿ ಕೊಟ್ಟಿತು. 1961ರ ವಕೀಲರ ಕಾಯ್ದೆ ಶಿಸ್ತಿನ ಅಧಿಕಾರವನ್ನು ರಾಜ್ಯ ಪರಿಷತ್ತುಗಳಿಗೆ ವಹಿಸಿತು. ಮೂವರ ಶಿಸ್ತು ಸಮಿತಿ, ಅದರ ಮೇಲೆ ಭಾರತೀಯ ವಕೀಲರ ಪರಿಷತ್ತು, ಅದಕ್ಕೂ ಮೇಲೆ ಸುಪ್ರೀಂ ಕೋರ್ಟು, ಪ್ರತಿ ಮೇಲ್ಮನವಿಗೆ 60 ದಿನ. 35ನೇ ಕಲಮು ‘ದುರ್ನಡತೆ’ ಎಂದಿತೇ ಹೊರತು ಅದೇನೆಂದು ಹೇಳಲಿಲ್ಲ. ನಮ್ಮ ತೊಡಕು ಹುಟ್ಟಿದ್ದೇ ಅಲ್ಲಿ. 1963ರಲ್ಲಿ ‘ಪಿ’ ಎಂಬ ಒಂದೇ ಅಕ್ಷರದ ಹೆಸರಿನಲ್ಲಿ ವರದಿಯಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬರೀ ಉದಾಸೀನ ದುರ್ನಡತೆಯಲ್ಲ, ಉದಾಸೀನ ಅತಿಯಾದರೆ ಮಾತು ಬೇರೆ ಎಂದಿತು. ಮೊದಲ ಅರ್ಧವನ್ನು ನಮ್ಮವರು ಬಾಯಿಪಾಠ ಮಾಡಿದ್ದಾರೆ. ಎರಡನೆಯ ಅರ್ಧವನ್ನು ಯಾರಾದರೂ ವಾದದಲ್ಲಿ ಎತ್ತಿದ್ದು ನನ್ನ ಕಿವಿಗೆ ಬಿದ್ದಿಲ್ಲ.

1973ರ ತಿದ್ದುಪಡಿ ದೂರನ್ನು ಒಂದು ವರ್ಷದೊಳಗೆ ತೀರಿಸಬೇಕೆಂದಿತು. 1975ರ ನಡತೆ ನಿಯಮಗಳು ಕಕ್ಷಿದಾರನಿಗೆ ವಕೀಲ ಏನು ಮಾಡಬೇಕೆಂದು ಬಿಡಿಸಿ ಬರೆದವು. ಸಾಕಷ್ಟು ಕಾರಣವಿಲ್ಲದೆ, ಮುಂಚಿತವಾಗಿ ತಿಳಿಸದೆ ಕೇಸು ಬಿಡಬಾರದು. ಬಿಟ್ಟರೆ ದುಡಿಯದ ಶುಲ್ಕವನ್ನು ಹಿಂದಿರುಗಿಸಬೇಕು.

ನಾನು ಸನದು ಪಡೆಯುವ ಹೊತ್ತಿಗೆ ಈ ಕ್ಷೇತ್ರದ ಒಳ್ಳೆಯ ಕಾಲ ಶುರುವಾಗಿತ್ತು. 1978ರ ರಂಗದುರೈ ಪ್ರಕರಣವನ್ನು ನಮ್ಮ ತಲೆಮಾರು ಮರೆಯುವಂತಿಲ್ಲ. ಮದ್ರಾಸಿನ ವಕೀಲರೊಬ್ಬರು ಪ್ರಾಮಿಸರಿ ನೋಟಿನ ದಾವೆಗೆಂದು ಹಣ ಪಡೆದು, ದಾವೆ ಹಾಕದೆಯೇ ಹಾಕಿದ್ದೇನೆಂದು ಹೇಳಿ, ಇಲ್ಲದ ವಾಯಿದೆಗಳನ್ನು ಹೇಳುತ್ತ ಬಂದಿದ್ದರು. ನಂಬಿದವರು ವಯಸ್ಸಾದ, ಕಿವಿ ಕೇಳದ ಕಕ್ಷಿದಾರರು. ರಾಜ್ಯ ಪರಿಷತ್ತು ಆರು ವರ್ಷ ಅಮಾನತು ಮಾಡಿತು, ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಶಿಕ್ಷೆಯನ್ನು ಮತ್ತೊಂದು ದಿಕ್ಕಿಗೆ ತಿರುಗಿಸಿದರು: ಬಡವರಿಗೆ ಉಚಿತ ಕಾನೂನು ನೆರವಿನ ಕೆಲಸ ಮಾಡಲಿ. ಪೀಠದಲ್ಲೇ ನ್ಯಾಯಮೂರ್ತಿ ಎ.ಪಿ. ಸೆನ್ ಭಿನ್ನಮತ ಬರೆದರು. ನನ್ನ ಮತ ಕೃಷ್ಣ ಅಯ್ಯರ್ ಕಡೆಗೇ. ಸನದು ಕಿತ್ತರೆ ವಕೀಲನ ಮನೆ ಕೆಡುತ್ತದೆಯೇ ಹೊರತು ಕಕ್ಷಿದಾರನ ಮನೆ ಎದ್ದು ನಿಲ್ಲುವುದಿಲ್ಲ.

1981ರ ರಫೀಕ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡಿ.ಎ. ದೇಸಾಯಿ ಹಳ್ಳಿಯ ಕಕ್ಷಿದಾರನ ಸ್ಥಿತಿಯನ್ನು ಕಂಡು ಬರೆದರು. ವಕೀಲ ಬಾರದೆ ವಜಾ ಆದ ಮೇಲ್ಮನವಿಯನ್ನು ಮತ್ತೆ ಫೈಲಿಗೆ ತಂದು, 200 ರೂಪಾಯಿ ಖರ್ಚನ್ನು ಗೈರಾದ ವಕೀಲನಿಂದಲೇ ವಸೂಲು ಮಾಡಿ ಎಂದರು. ಮೊತ್ತ ಸಣ್ಣದು, ಆದರೆ ತಪ್ಪಿನ ಬೆಲೆ ತಪ್ಪು ಮಾಡಿದವನೇ ಕಟ್ಟಬೇಕೆಂಬ ಲೆಕ್ಕ ಸರಿಯಾದದ್ದು.

ಇವನ್ನೆಲ್ಲ ಓದಿದ ಹುಮ್ಮಸ್ಸಿನಲ್ಲಿದ್ದ ನನ್ನೆದುರು 1986ರ ಬೇಸಿಗೆಯಲ್ಲಿ ಪಾವಗಡದ ಗಡಿಯೂರಿನ ಅಜ್ಜಿಯೊಬ್ಬರು ಬಂದು ಕೂತರು. ಸೆರಗಿನ ಗಂಟು ಬಿಚ್ಚಿ ಹನ್ನೊಂದು ವಾಯಿದೆ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಎಲ್ಲವೂ ಒಬ್ಬ ಗುಮಾಸ್ತನ ಕೈಬರಹ. ‘ಒಂದು ಡೇಟೂ ತಪ್ಪಿಸ್ಲಿಲ್ಲ ಸಾಮಿ, ಕೋಳಿ ಮಾರಿ ಬಸ್ ಚಾರ್ಜ್ ಕೊಟ್ಟೆ’ ಎಂದರು. ಕೋರ್ಟಿನ ರಿಜಿಸ್ಟರು ನೋಡಿದರೆ ದಾವೆ ಎರಡನೆಯ ವಾಯಿದೆಗೇ ಗೈರುಹಾಜರಿಯಲ್ಲಿ ವಜಾ ಆಗಿತ್ತು. ಉಳಿದ ಒಂಬತ್ತು ವಾಯಿದೆ ಚೀಟಿಯಲ್ಲಷ್ಟೇ ಇದ್ದವು. ಅಜ್ಜಿಯ ವಕೀಲರ ಮೇಲೆ ಪರಿಷತ್ತಿಗೆ ದೂರು ಬರೆದು ನನ್ನ ಸೀನಿಯರ್ ಮುಂದಿಟ್ಟೆ. ‘ಬೇಡಪ್ಪ, ನಾಳೆ ಅವರ ಮುಖ ನೋಡ್ಬೇಕಲ್ಲ’ ಎಂದರು. ಶುಲ್ಕ ವಾಪಸು ಕೊಡಿಸಿದರು, ದಾವೆಯನ್ನು ಮತ್ತೆ ಫೈಲಿಗೆ ತರಿಸಿದರು. ಅಷ್ಟರಲ್ಲಿ ಜಮೀನು ಮೂರನೆಯವರಿಗೆ ಕ್ರಯವಾಗಿತ್ತು. ನನ್ನ ದೂರಿನ ಹಾಳೆ ನನ್ನ ಬೀರುವಿನಲ್ಲೇ ಉಳಿಯಿತು.

ಆಮೇಲೆ ಅಂಥ ರಾಜಿಗಳನ್ನು ನಾನೂ ಮಾಡಿಸಿದ್ದೇನೆ. ದೂರು ಹಿಂತೆಗೆದುಕೊಂಡರೂ, ರಾಜಿಯಾದರೂ ಶಿಸ್ತು ವಿಚಾರಣೆಯನ್ನು ಅದೊಂದೇ ಕಾರಣಕ್ಕೆ ಕೈಬಿಡಬಾರದೆಂದು ನಿಯಮವಿದೆ. ಆದರೆ ರಾಜಿ ಆಗುವುದು ದೂರು ಪೋಸ್ಟಿಗೆ ಬೀಳುವ ಮುಂಚೆ, ವಕೀಲರ ಸಂಘದ ಕೊಠಡಿಯಲ್ಲಿ. ಅಲ್ಲಿಗೆ ಯಾವ ನಿಯಮವೂ ಬರುವುದಿಲ್ಲ.

ಈ ಭಾಗದಲ್ಲಿ ಉದಾಸೀನದ ಬೆಲೆ ಭೂಮಿಯ ಅಳತೆಯಲ್ಲಿ ತಿಳಿಯುತ್ತದೆ. ಶಿರಾದಲ್ಲಿ ಹೆದ್ದಾರಿ, ಕೊರಟಗೆರೆಯ ಬೈರಗೊಂಡ್ಲುವಿನಲ್ಲಿ ಎತ್ತಿನಹೊಳೆ ಜಲಾಶಯದ ಯೋಜನೆ, ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯ ಸೌರ ಪಾರ್ಕು. ಪರಿಹಾರ ಮತ್ತು ಗುತ್ತಿಗೆಯ ಹಣ ಬಂದಲ್ಲಿ ಅಣ್ಣತಮ್ಮಂದಿರ ಪಾಲಿನ ದಾವೆಯೂ ಬಂತು. 1894ರ ಭೂಸ್ವಾಧೀನ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿಯಂತೆ, ಹೆಚ್ಚಿನ ಪರಿಹಾರ ಬೇಕಾದವರು ನೋಟಿಸು ತಲುಪಿದ 90 ದಿನದೊಳಗೆ ಅರ್ಜಿ ಕೊಡಬೇಕಿತ್ತು. ಆ ಗಡುವು ಮೀರಿದರೆ ವಿಳಂಬ ಮನ್ನಿಸುವ ಅಧಿಕಾರ ಭೂಸ್ವಾಧೀನಾಧಿಕಾರಿಗಿರಲಿಲ್ಲ. ವಕೀಲ ಮದುವೆ ಸೀಸನ್ನಿನಲ್ಲಿ ಮೈಮರೆತ 91ನೇ ದಿನಕ್ಕೆ ಒಂದು ಸಂಸಾರದ ಪಾಲು ಮುಗಿದುಹೋಗುತ್ತಿತ್ತು. ಅವನಲ್ಲಿ ದುರುದ್ದೇಶ ಇರಲಿಲ್ಲ ಎಂದರೆ ರೈತನಿಗೆ ಏನು ಸಿಕ್ಕಂತಾಯಿತು?

1993ರ ಸಲಿಲ್ ದತ್ತಾ ಪ್ರಕರಣದಿಂದ ಗಾಳಿ ತಿರುಗಿತು. ಎಲ್ಲ ತಪ್ಪನ್ನೂ ವಕೀಲನ ಮೇಲೆ ಹೊರಿಸಿ ಪಾರಾಗಲಾಗದು ಎಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿದ್ದ ಕಕ್ಷಿದಾರ ನಗರದ ಒಂದು ಕಂಪನಿ. ಆ ಮಾತನ್ನೇ ಕುರಿ ಕಾಯುವವನ ಮೇಲೂ ಓದುತ್ತಿರುವುದು ನನಗೆ ಒಗ್ಗದ ಸಂಗತಿ. 1994ರಲ್ಲಿ, ನಂಬಿ ಕೊಟ್ಟ ಉಯಿಲನ್ನು ಹಿಂದಿರುಗಿಸದ ಬೆಂಗಳೂರಿನ ವಕೀಲರೊಬ್ಬರ ಒಂದು ವರ್ಷದ ಅಮಾನತು ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು. 2000ದಲ್ಲಿ ಸಕ್ಸೇನಾ ಪ್ರಕರಣ, ಶುಲ್ಕ ಬಾಕಿಯೆಂದು ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲವೆಂದಿತು. 2002ರ ಹರೀಶ್ ಉಪ್ಪಲ್ ತೀರ್ಪು ವಕೀಲರಿಗೆ ಮುಷ್ಕರದ ಹಕ್ಕೇ ಇಲ್ಲವೆಂದಿತು. ಕಲಾಪ ಬಹಿಷ್ಕಾರವೆಂದರೆ ಒಟ್ಟಾಗಿ ಮಾಡುವ ಉದಾಸೀನ. ನಾವೂ ಮಾಡಿದ್ದೇವೆ. 2021ರ ಆಂಜಿನಪ್ಪ ಪ್ರಕರಣದಲ್ಲಿ ಅದೇ ಕೋರ್ಟು ಒಂದು ವರ್ಷದ ಗಡುವನ್ನು ಪಾಲಿಸಿ ಎಂದು ಪರಿಷತ್ತುಗಳಿಗೆ ಮತ್ತೆ ಹೇಳಬೇಕಾಯಿತು. 1973ರಲ್ಲಿ ಬರೆದದ್ದನ್ನು 48 ವರ್ಷದ ಮೇಲೆ ನೆನಪಿಸಬೇಕಾಯಿತೆಂದರೆ ಮರೆತವರು ಕಕ್ಷಿದಾರರಲ್ಲ.

ಇನ್ನು ಕಾಣುವ ಕೊರತೆಗಳು. 35ನೇ ಕಲಮಿನಲ್ಲಿ ಛೀಮಾರಿ, ಅಮಾನತು, ಹೆಸರು ತೆಗೆಯುವುದು ಇವೆ, ನಷ್ಟ ತುಂಬಿಕೊಡುವ ಮಾತಿಲ್ಲ. ರಂಗದುರೈ ತೋರಿಸಿದ ದಾರಿ ಶಾಸನದೊಳಕ್ಕೆ ಬರಲೇ ಇಲ್ಲ. ಪರಿಷತ್ತು ಇರುವುದು ಬೆಂಗಳೂರಿನಲ್ಲಿ, ಪಾವಗಡದ ಅಜ್ಜಿಗೆ ಅದು ಕೋಳಿ ಮಾರಿದರೂ ಮುಗಿಯದ ದಾರಿ. ಆ ದೂರ ತಗ್ಗಿಸಲು ಹೊಸ ಕಾಯ್ದೆಯೂ ಬೇಡ. 42ನೇ ಕಲಮು ಶಿಸ್ತು ಸಮಿತಿಗೆ ಸಾಕ್ಷ್ಯಕ್ಕಾಗಿ ಕಮಿಷನ್ ನೇಮಿಸುವ ಅಧಿಕಾರ ಕೊಟ್ಟಿದೆ. ಮಧುಗಿರಿಯಲ್ಲೇ ಕೂತು ಹೇಳಿಕೆ ಬರೆದುಕೊಂಡರೆ ಯಾರ ಗೌರವಕ್ಕೂ ಕುಂದಿಲ್ಲ.

ಕಕ್ಷಿದಾರರಿಗೆ ಒಂದು ಮಾತು. ದೂರನ್ನು ಕನ್ನಡದಲ್ಲೇ ಬರೆಯಬಹುದು. ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರ ನೆರವುಂಟು. ವಾಯಿದೆ ಚೀಟಿಯನ್ನೇ ನಂಬಿ ಕೂರುವ ಕಾಲ ಹೋಯಿತು. ಮೊಮ್ಮಕ್ಕಳ ಕೈಲಿರುವ ಮೊಬೈಲಿನ ಇ-ಕೋರ್ಟ್ಸ್ ಆ್ಯಪಿನಲ್ಲಿ ಕೇಸಿನ ನಂಬರು ಹಾಕಿಸಿ, ಮುಂದಿನ ವಾಯಿದೆ ಯಾವತ್ತೆಂದು ನೀವೇ ನೋಡಿ. ಅನುಮಾನ ಬಂದರೆ ಆರ್ಡರ್ ಶೀಟಿನ ಪ್ರಮಾಣಿತ ನಕಲು ತೆಗೆಸಿ. ‘ವಾದಿ ಪರ ವಕೀಲರು ಗೈರು’ ಎಂದು ಅದರಲ್ಲಿ ಮೂರು ಸಲ ಕಂಡರೆ ಸಂಘದ ಕೊಠಡಿಗೆ ಬರಬೇಡಿ, ನನ್ನ ಹತ್ತಿರವೂ ರಾಜಿಗೆ ಬರಬೇಡಿ. ಆ ನಕಲನ್ನೇ ದೂರಿಗೆ ಲಗತ್ತಿಸಿ ಪರಿಷತ್ತಿಗೆ ಕಳಿಸಿ.